ಇನ್ನೊಂದ್ ಸಲ ಹಾಯಿಸಿ

ಸಂಕ್ರಾಂತಿ ಸಂಜೆ ದನಗಳನ್ನು ಬೆಂಕಿ ಹಾರಿಸುತ್ತಾರಲ್ಲ, ಆ ಕಿಚ್ಚು ಹಾಯಿಸುವುದನ್ನು ನೋಡಲು ಕೆ.ಆರ್. ಪುರದಲ್ಲಿ ಬಸ್ಸು ಹಿಡಿದು ಹೊಸಕೋಟೆ ಆಚೆಯ ಒಂದು ಹಳ್ಳಿಗೆ ಹೋಗಿದ್ದೆ. ನೋಡಲು ಅಂದರೆ, ಅದರ ಕ್ರೌರ್ಯದ ವಿರುದ್ಧ ಬರೆಯಲು. ಮುನಿರಾಜಪ್ಪ ಎಂಬುವರ ಎತ್ತು ಹಾರಿದಾಗ ನಾನು ಫೋನಿನಲ್ಲಿ ರೆಕಾರ್ಡ್ ಒತ್ತುವುದನ್ನೇ ಮರೆತಿದ್ದೆ. ನನಗೆ ಸಾಕ್ಷಿ ಬೇಕಿತ್ತು. ಈ ಸಲ ರೆಕಾರ್ಡ್ ಒತ್ತಿಕೊಂಡೇ ಕೇಳಿದೆ.

"ಯಜಮಾನ್ರೇ, ಇನ್ನೊಂದ್ ಸಲ ಹಾಯಿಸಿ."

"ಒಂದೇ ಸಲ ಸಾರ್ ಹಾಯ್ಸೋದು. ಸುಸ್ತಾಗೈತೆ ಅದು."

ಆದರೂ ಸಿಟಿಯಿಂದ ಬಂದವನ ಮಾತು ತೆಗೆದುಹಾಕಲಾರದೆ ಹಗ್ಗ ಹಿಡಿದು ವಾಪಸ್ ತಿರುಗಿಸಿದರು. ಎತ್ತು ಬೆಂಕಿಯಲ್ಲೇ ಮುಗ್ಗರಿಸಿತು. ಮೂರನೇ ದಿನ ಸತ್ತಿತಂತೆ.

ಮುಂದಿನ ಭಾನುವಾರ ಲಿಂಗರಾಜಪುರದ ನಮ್ಮ ಓದುಬಳಗದಲ್ಲಿ ಲೇಖನ ಓದಿದೆ. "ಬೆಂಕಿ ಹಚ್ಚುವ ಕೈಗಳಿಗೆ ಧಿಕ್ಕಾರ" ಎಂದಾಗ ಚಪ್ಪಾಳೆ ಬಿತ್ತು. ಇನ್ನೊಂದು ಸಲ ಹಾಯಿಸಿ ಎಂದು ನಾನೇ ಕೇಳಿಕೊಂಡದ್ದನ್ನು ಬರೆದಿರಲಿಲ್ಲ. ವಿಡಿಯೋದಿಂದಲೂ ನನ್ನ ದನಿಯನ್ನು ಕತ್ತರಿಸಿದ್ದೆ.

ಆಮೇಲೆ ವಿಡಿಯೋ ಹಾಕಿ ಫೋನನ್ನು ಎಲ್ಲರಿಗೂ ತೋರಿಸಿದೆ. ಅಂಗೈ ಸುಡುವಷ್ಟು ಬಿಸಿಯಾಗಿತ್ತು. ಪಕ್ಕದಲ್ಲಿದ್ದ ಗೆಳತಿ ಹೇಮಶ್ರೀ ಮೂಗು ಮುಚ್ಚಿಕೊಂಡಳು.

"ಏನ್ ಮಗಾ, ಕೂದ್ಲು ಸುಟ್ಟಂಗೆ ವಾಸ್ನೆ?" ಎಂದವಳು ಫೋನಿನ ಹತ್ತಿರ ಕಿವಿ ತಂದಳು. "ಎಷ್ಟ್ ಸಲ ಹಾಯಿಸ್ತಾರೋ ಪಾಪ! ಇನ್ನೊಂದ್ ಸಲ, ಇನ್ನೊಂದ್ ಸಲ ಅಂತಿದಾನಲ್ಲ, ಯಾವನೋ ಅವ್ನು?"

"ಗೊತ್ತಿಲ್ಲ" ಎಂದೆ.

ವಿಡಿಯೋ ಅಳಿಸಿಲ್ಲ. ಅಳಿಸುವ ಹಕ್ಕು ನನಗಿಲ್ಲ. ನನ್ನ ದನಿ ಕತ್ತರಿಸಿದ ಮೇಲೆ ಉಳಿದದ್ದು ಹನ್ನೊಂದು ಸೆಕೆಂಡು. ಇವತ್ತು ಬೆಳಿಗ್ಗೆ ಅದು ನಲವತ್ತು ನಿಮಿಷವಿತ್ತು. ಕೊನೆಯವರೆಗೂ ನೋಡಿದೆ. ಪ್ರತಿ ಸಲ ಹಾರಿ ಬಂದಾಗಲೂ ನನ್ನ ದನಿ ಕೇಳುತ್ತದೆ, ಎತ್ತು ತಾನಾಗಿಯೇ ತಿರುಗುತ್ತದೆ.

ಅದು ಇನ್ನೂ ಬಿದ್ದಿಲ್ಲ.