ಸದ್ದಿಲ್ಲದ ಕೀಬೋರ್ಡ್

"ನಿಮ್ಮ ಟೈಪಿಂಗ್ ಶಬ್ದ ನನ್ನ ಕಡೆ ಪೂರಾ ಕೇಳ್ತದೆ."

ಬಾಗಿಲಲ್ಲಿ ನಿಂತವನ ಮೊದಲ ಮಾತೇ ಇದು. ಗಾನಶ್ರೀಯ ಬೆರಳುಗಳು ಕೀಬೋರ್ಡಿನ ಮೇಲೆಯೇ ನಿಂತುಬಿಟ್ಟವು.

ಕಡಬದ ತಾಲೂಕು ಕಚೇರಿ ಎದುರಿನ ಕಟ್ಟಡದ ಮಹಡಿಯಲ್ಲಿ ಅವಳದ್ದೊಂದು ಟೈಪಿಂಗ್ ಸೆಂಟರ್. ಪಕ್ಕದಲ್ಲಿ ಉದಯಶಂಕರನ ಕಂಪ್ಯೂಟರ್ ಅಂಗಡಿ. ನಡುವೆ ಇರುವುದು ಬರೀ ಪ್ಲೈವುಡ್ ಗೋಡೆ. ಅವನು ಸಂಪಾಜೆಯಿಂದ ಬಂದು ಅಂಗಡಿ ಇಟ್ಟು ವರ್ಷವಾಗುತ್ತ ಬಂದರೂ, ಮೆಟ್ಟಿಲಲ್ಲಿ ಎದುರಾದಾಗ ಒಂದು ನಗು ಬಿಟ್ಟರೆ ಇಬ್ಬರ ನಡುವೆ ಮಾತೇ ಆಗಿರಲಿಲ್ಲ. ಆ ಒಂದು ನಗುವನ್ನು ಅವಳು ದಿನವಿಡೀ ಜೋಪಾನ ಮಾಡುತ್ತಿದ್ದಳು, ಅದು ಬೇರೆ ವಿಷಯ.

"ಹಳೆ ಕೀಬೋರ್ಡ್... ಸ್ವಲ್ಪ ಜೋರಾಗಿ ಒತ್ತಬೇಕಾಗ್ತದೆ" ಎಂದಳು ಮೆಲ್ಲಗೆ.

"ಅದಕ್ಕೇ ಇದು ತಂದದ್ದು." ಅವನು ಒಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. "ಸೈಲೆಂಟ್ ಮೆಕ್ಯಾನಿಕಲ್ ಕೀಬೋರ್ಡ್. ವಯರ್ ಇಲ್ಲ. ಒಳ್ಳೆ ಕ್ರಯದ್ದು. ಅಂಗಡಿಗೆ ತರಿಸುವ ಮೊದಲು ದಿನಾ ಕನ್ನಡ ಟೈಪ್ ಮಾಡುವವರು ಬಳಸಿ ನೋಡಿ ಹೇಳ್ಬೇಕು. ಒಂದು ವಾರ ಇಟ್ಟುಕೊಳ್ಳಿ. ಇದರಲ್ಲಿ ಶಬ್ದವೇ ಬರುದಿಲ್ಲ."

ಇನ್ನೂ ಏನೋ ಹೇಳಬೇಕೆಂದು ಬಂದವನೇ ಅವನು. ಅವಳ ಬಲಗೈ ಮಣಿಕಟ್ಟಿಗೆ ಸುತ್ತಿದ್ದ ಬ್ಯಾಂಡೇಜನ್ನೊಮ್ಮೆ ನೋಡಿದ, ಕಿವಿ ಕೆಂಪಾಯಿತು, ತಿರುಗಿ ಹೋಗಿಬಿಟ್ಟ. ಧೈರ್ಯ ಅವನಿಗೆ ಸ್ವಲ್ಪ ಕಡಿಮೆಯೇ.

ಗಾನಶ್ರೀಗೆ ಬ್ಯಾಂಡೇಜಿನ ಮೇಲಿನ ಆ ನೋಟ ಕಾಣಲಿಲ್ಲ. ಕೇಳಿದ್ದು ಒಂದೇ ಮಾತು... ಶಬ್ದವೇ ಬರುದಿಲ್ಲ.

'ಹಾಗಾದರೆ ಇಷ್ಟು ದಿನ ಸಹಿಸಿಕೊಂಡು ಕೂತಿದ್ದರು.'

ಅಮ್ಮ ತೀರಿಹೋದ ಮೇಲೆ ಕಾಣಿಯೂರಿನ ಬಾಡಿಗೆ ಮನೆಯಲ್ಲಿ ಅವಳು ಒಬ್ಬಳೇ. ಸಂಜೆ ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ಬೀಗ ಹಾಕುವ ತನಕ ಯಾರೊಡನೆಯೂ ಮಾತಿಲ್ಲ. ಲೋಕಕ್ಕೆ ಕೇಳುವಂತೆ ಅವಳು ಮಾಡುತ್ತಿದ್ದ ಸದ್ದೆಂದರೆ ಆ ಟೈಪಿಂಗ್ ಒಂದೇ. ಅದೂ ಒಬ್ಬರಿಗೆ ಕಿರಿಕಿರಿಯಾಗಿತ್ತಲ್ಲ ಎಂದು ಅವಳಿಗೆ ಅಳು ಬಂತು.

ಆದರೂ ಒಪ್ಪಿಕೊಂಡ ಕೆಲಸ. ಪ್ರಾಮಾಣಿಕವಾಗಿಯೇ ಮಾಡಿದಳು.

ಕೀಬೋರ್ಡು ಗಟ್ಟಿ, ಭಾರ. ಎಷ್ಟು ವೇಗವಾಗಿ ಟೈಪ್ ಮಾಡಿದರೂ ಮೇಜಿನ ಮೇಲೆ ಜಾರುವುದಿಲ್ಲ. ಪ್ರತಿ ಕೀಲಿಯ ಮೇಲೂ ಸಣ್ಣ ತಗ್ಗು, ಬೆರಳು ತಾನಾಗಿಯೇ ಅಲ್ಲಿ ಕೂರುತ್ತದೆ. ಒತ್ತಕ್ಷರಕ್ಕೆ ಪದೇ ಪದೇ ಒತ್ತಬೇಕಾದ ಎಫ್ ಕೀಲಿ ಹಳೆಯದರಲ್ಲಿ ಎರಡು ಸಲ ಗುದ್ದಿದರೂ ಮುನಿಯುತ್ತಿತ್ತು. ಇದರಲ್ಲಿ ಮುಟ್ಟಿದರೆ ಸಾಕು. ನಾಲ್ಕನೇ ದಿನಕ್ಕೆ ಮಣಿಕಟ್ಟಿನ ನೋವು ಇಳಿಯಿತು, ಬ್ಯಾಂಡೇಜ್ ಬಿಚ್ಚಿಟ್ಟಳು. ದೋಷ ಒಂದೇ. ಊಟ ಮುಗಿಸಿ ಬಂದು ಕೂತಾಗ ಅದು ನಿದ್ದೆಯಲ್ಲಿರುತ್ತದೆ, ಮೊದಲ ಅಕ್ಷರವನ್ನು ನುಂಗಿಬಿಡುತ್ತದೆ.

ಕೈಗೆ ಸುಖ. ಆದರೆ ಕೋಣೆಯಲ್ಲಿ ಸ್ಮಶಾನದಂಥ ಮೌನ.

ಇನ್ನೊಂದು ವಿಚಿತ್ರವೂ ನಡೆಯಿತು. ಮೊದಲೆಲ್ಲ ಒಂದು ಕೆಲಸ ಮುಗಿದು ಕೈ ಬಿಡುವಾದ ಹೊತ್ತಿಗೆ ಕೆಳಗಿನ ಐಸಮ್ಮನ ಕ್ಯಾಂಟೀನಿನಿಂದ ಬಿಸಿ ಚಹಾ ತಾನಾಗಿಯೇ ಬರುತ್ತಿತ್ತು. ಈ ವಾರ ಬರಲೇ ಇಲ್ಲ.

'ಚಹಾದವರಿಗೂ ನಾನು ಮರೆತುಹೋದೆ' ಎಂದುಕೊಂಡಳು.

ಪುತ್ತೂರಿನ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಬೇಕಾಗಿತ್ತು. ಬಹಳ ದಿನದಿಂದ ಕರೆಯುತ್ತಿದ್ದರು. ಶನಿವಾರ ಮಧ್ಯಾಹ್ನ ಫೋನ್ ಮಾಡಿ, ನಾಳೆ ಖಚಿತವಾಗಿ ಹೇಳುತ್ತೇನೆ ಎಂದಳು. ಯಾರಿಗೂ ಬೇಡವಾದ ಕಡೆ ಯಾಕೆ ಕೂರುವುದು?

ಹೋಗುವ ಮೊದಲು ಐಸಮ್ಮನಿಗೆ ಹೇಳಲು ಕೆಳಗಿಳಿದಳು.

"ಪುತ್ತೂರಿಗಾ? ಎಂತಕ್ಕೆ ಮಗಳೇ?" ಐಸಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಇಲ್ಲಿ ನನಗೆ ಯಾರುಂಟು ಐಸಮ್ಮ? ನೀವೂ ಚಹಾ ಕಳಿಸುದು ಬಿಟ್ರಿ."

"ನಾನು ಬಿಟ್ಟದ್ದಾ? ನಿನ್ನ ಕೈ ನಿಂತದ್ದು ಈ ಒಲೆ ಹತ್ತಿರ ಇರುವ ನನಗೆ ಹೇಗೆ ಗೊತ್ತಾಗುದು? ಮೇಲಿಂದ ಉದಯಶಂಕರ ಫೋನ್ ಮಾಡುದು. 'ಟೈಪಿಂಗ್ ನಿಂತಿತು, ಅವರಿಗೆ ಚಹಾ ಕೊಡಿ' ಅಂತ. ಈ ವಾರ ಒಂದು ಫೋನಿಲ್ಲ. ಕೇಳಿದ್ರೆ, 'ಈಗ ಅವರು ಇದ್ದಾರಾ ಇಲ್ವಾ ಅಂತಲೇ ಗೊತ್ತಾಗುದಿಲ್ಲ ಐಸಮ್ಮ' ಅಂತ ಮುಖ ಸಣ್ಣ ಮಾಡಿದ."

ವರ್ಷವಿಡೀ... ಗೋಡೆಯ ಆ ಕಡೆ ಒಬ್ಬ ಅವಳ ಬೆರಳುಗಳನ್ನೇ ಕೇಳುತ್ತ ಕೂತಿದ್ದ! ಗಾನಶ್ರೀ ಮೆಟ್ಟಿಲು ಹತ್ತಿ ಮೇಲೆ ಬಂದಳು, ಕೀಬೋರ್ಡ್ ಎತ್ತಿಕೊಂಡು ನೇರ ಅವನ ಅಂಗಡಿಗೆ ನುಗ್ಗಿದಳು.

ಬಿಚ್ಚಿದ ಪ್ರಿಂಟರ್ ಎದುರು ಕೂತಿದ್ದವನು ಗಡಬಡಿಸಿ ಎದ್ದ.

"ಎಂತ, ಸರಿ ಇಲ್ವಾ ಅದು?"

"ತುಂಬಾ ಒಳ್ಳೆಯದುಂಟು. ಊಟ ಆಗಿ ಬಂದಾಗ ಮೊದಲ ಅಕ್ಷರ ನುಂಗ್ತದೆ, ಅಷ್ಟೇ. ಧೈರ್ಯವಾಗಿ ಮಾರಿ." ಕೀಬೋರ್ಡನ್ನು ಅವನ ಮೇಜಿನ ಮೇಲಿಟ್ಟಳು. "ನನ್ನ ಶಬ್ದ ನಿಮಗೆ ಉಪದ್ರ ಅಂತಲಾ ಇದು ಕೊಟ್ಟದ್ದು?"

"ಉಪದ್ರವಾ?" ಅವನು ಬೆಚ್ಚಿದ. "ನಿಮ್ಮ ಕೈ ನೋವು ಶಬ್ದದಲ್ಲೇ ಗೊತ್ತಾಗ್ತಿತ್ತು ಮಾರಾಯ್ರೆ. ನಡುನಡುವೆ ನಿಲ್ಲಿಸ್ತಿದ್ರಿ. ಅದು ಕೇಳ್ಲಿಕ್ಕೆ ನನಗೆ ಆಗ್ತಿರಲಿಲ್ಲ."

"ಮತ್ತೆ ಹಾಗೆ ಹೇಳ್ಬೇಕಿತ್ತಲ್ಲ?"

"ಹೇಳುವ ಅಂತಲೇ ಬಂದದ್ದು. ಬಾಯಿಗೆ ಬಂದದ್ದು ಬೇರೆ." ಅವನು ತಲೆ ತಗ್ಗಿಸಿದ. "ಈಗ ನಿಮ್ಮ ಕೈ ಗುಣವಾಯ್ತು, ಸಂತೋಷ. ಆದ್ರೆ ಈ ವಾರ ನನಗೆ ಇಲ್ಲಿ ಕೂರ್ಲಿಕ್ಕೇ ಆಗ್ಲಿಲ್ಲ. ಯಾರೂ ಇಲ್ಲದ ಊರಲ್ಲಿ ಆ ಶಬ್ದ ಒಂದು ಇತ್ತು ನನಗೆ."

'ನನಗೂ ಅದೊಂದೇ ಇತ್ತು...' ಅವಳ ಕಣ್ಣು ತುಂಬಿತು.

"ಪುತ್ತೂರಿಗೆ ಹೋಗುವ ಅಂತ ಮಾಡಿದ್ದೆ. ನಾಳೆ ಅವರಿಗೆ ಹೇಳ್ಬೇಕು."

ಅವನ ಮುಖ ಬಿಳಿಚಿತು. ಜೀವಮಾನದ ಧೈರ್ಯವನ್ನೆಲ್ಲ ಒಟ್ಟು ಮಾಡಿದ.

"ಹೋಗ್ಬೇಡಿ. ನಾನು... ನಿಮ್ಮ ಮನೆಯವರ ಹತ್ತಿರ ಬಂದು ಕೇಳ್ತೇನೆ. ಮನೆಯಲ್ಲಿ ಯಾರ ಹತ್ತಿರ ಮಾತಾಡ್ಬೇಕು?"

"ನನ್ನ ಹತ್ತಿರವೇ. ನನ್ನ ಮನೆಯವರು ಅಂದ್ರೆ ನಾನೊಬ್ಬಳೇ."

ಆ ಮಾತು ಕೇಳಿ ಅವನಿಗೆ ಎದೆ ಹಿಂಡಿದಂತಾಯಿತು. ಅಂಗಿಯ ಮಡಿಚಿದ ತೋಳು ಇಳಿಸಿ, ಗುಂಡಿ ಹಾಕಿಕೊಂಡ.

"ಹಾಗಾದ್ರೆ ಇಲ್ಲಿ ಬೇಡ. ಹೆಣ್ಣು ಕೇಳುದಾದ್ರೆ ಹೆಣ್ಣಿನ ಕಡೆಗೇ ಬರಬೇಕು. ನೀವು ಮುಂದೆ ಹೋಗಿ."

ಅವಳು ತನ್ನ ಕೋಣೆಗೆ ಹೋಗಿ ನಿಂತಳು. ಅವನು ಚಪ್ಪಲಿ ಹೊರಗೆ ಬಿಟ್ಟು, ಹೊಸಬನಂತೆ ಬಾಗಿಲಲ್ಲಿ ನಿಂತ.

"ಬನ್ನಿ, ಕೂತುಕೊಳ್ಳಿ" ಎಂದಳು. ಬಂದವರಿಗೆ ಬೆಲ್ಲ ನೀರು ಕೊಡಬೇಕು. "ನೀರು ಉಂಟು. ಬೆಲ್ಲ ಇಲ್ಲ."

"ಸಾಕು."

ಅವನು ಲೋಟ ಪೂರ್ತಿ ಖಾಲಿ ಮಾಡಿ, ಬೆನ್ನು ನೆಟ್ಟಗೆ ಮಾಡಿ ಕೂತ.

"ಸಂಪಾಜೆಯ ಉದಯಶಂಕರ ನಾನು. ನಿಮ್ಮ ಮನೆಯ ಹುಡುಗಿಯನ್ನು ಕೇಳ್ಲಿಕ್ಕೆ ಬಂದೆ. ಮನೆಯವರು ಎಂತ ಹೇಳ್ತಾರೆ?"

ಅಮ್ಮ ಹೋದ ಮೇಲೆ ಆ ಮನೆಯವರೆಂದು ಯಾರೂ ಅವಳನ್ನು ಏನನ್ನೂ ಕೇಳಿರಲಿಲ್ಲ. ಅವಳು ಕಣ್ಣೊರೆಸಿಕೊಂಡು, ಅವನೆದುರು ಕುರ್ಚಿ ಎಳೆದು ಕೂತಳು.

"ಮನೆಯವರಿಗೆ ಒಪ್ಪಿಗೆ ಉಂಟು."