ದೇವರ ಕೋಣೆಯ ಪಾಸ್‌ಪೋರ್ಟ್

ಆಗಸ್ಟ್ ೧೧, ಸೋಮವಾರ ಮಧ್ಯಾಹ್ನ ೩.೪೦ಕ್ಕೆ ಅರಸೀಕೆರೆ ಠಾಣೆಗೆ ಬಂದ ಕೊಬ್ಬರಿ ವರ್ತಕ ಷಡಕ್ಷರಪ್ಪನವರು ದೂರು ಬರೆದುಕೊಟ್ಟರು. ಹೆಂಡತಿ ದ್ರಾಕ್ಷಾಯಣಿಯ ಪಾಸ್‌ಪೋರ್ಟೂ ತಲೆಯ ಎಂಆರ್‌ಐ ಫಿಲ್ಮೂ ಕಳವಾಗಿದ್ದವು. ಮರುದಿನ ರಾತ್ರಿ ಜರ್ಮನಿಗೆ ವಿಮಾನ, ಶುಕ್ರವಾರ ಆಪರೇಷನ್.

ಎಸ್‌ಐ ಪ್ರತಿಮಾ ಎಫ್‌ಐಆರ್ ದಾಖಲಿಸಿ, ಹಾಸನದ ವೈದ್ಯರಿಗೆ ಫೋನ್ ಮಾಡಿದಳು.

"ಕ್ಯಾನ್ಸರ್ ಅಲ್ಲ ಮೇಡಂ. ಆದ್ರೆ ಗೆಡ್ಡೆ ಕಣ್ಣಿನ ನರಕ್ಕೆ ಸುತ್ಕೊಂಡಿದೆ. ಎಡಗಣ್ಣು ಆಗ್ಲೇ ಮಸುಕು. ದೃಷ್ಟಿ ಒಂದ್ಸಲ ಹೋದ್ರೆ ವಾಪಸ್ ಬರೋದು ಕಷ್ಟ. ಇಂಥದ್ದನ್ನ ಹೆಚ್ಚು ಮಾಡಿರೋ ತಂಡ ಅಲ್ಲಿದೆ ಅಂತ ಕಳಿಸ್ತಿದ್ದೀವಿ."

ಪ್ರತಿಮಾ ಫೋನ್ ಇಟ್ಟು ಎದ್ದಳು. ಕಳುವಾದ ಚಿನ್ನವನ್ನು ವರ್ಷಗಟ್ಟಲೆ ಹುಡುಕಬಹುದು. ಇದಕ್ಕೆ ನಾಳೆ ರಾತ್ರಿಯೇ ಗಡುವು.

ಐದು ಗಂಟೆಗೆ ಷಡಕ್ಷರಪ್ಪನವರ ಮನೆಯಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ದಾಖಲೆಗಳನ್ನು ಮಠದಲ್ಲಿ ಆಶೀರ್ವಾದ ಮಾಡಿಸಿ ದೇವರ ಕೋಣೆಯಲ್ಲಿಟ್ಟಿದ್ದರು. ಪಕ್ಕದ ಬೆಳ್ಳಿ ದೀಪಗಳನ್ನು ಯಾರೂ ಮುಟ್ಟಿರಲಿಲ್ಲ. ಬಚ್ಚಲಿಗೆ ಇಣುಕಿದ ಕಾನ್‌ಸ್ಟೆಬಲ್ ಉಮೇಶ್ ಕೂಗಿದ: "ಮೇಡಂ, ಗೀಸರ್ ಆನ್ ಐತೆ. ಟವೆಲ್ ಇನ್ನೂ ಹಸಿ."

"ನೀವು ಎಷ್ಟೊತ್ತಿಗೆ ಸ್ನಾನ ಮಾಡಿದ್ರಿ?"

"ಆರಕ್ಕೇ. ಎಂಟಕ್ಕೆ ಬೀಗ ಹಾಕ್ಕೊಂಡು ಹಾಸನಕ್ಕೋದ್ವಿ, ಮೂರಕ್ಕೆ ಬಂದ್ವಿ" ಎಂದರು ಷಡಕ್ಷರಪ್ಪ.

ಆ ಮನೆಯಲ್ಲಿ ಸ್ನಾನವಿಲ್ಲದೆ ಯಾರೂ ದೇವರ ಕೋಣೆಯ ಹೊಸಿಲು ದಾಟುವಂತಿರಲಿಲ್ಲ. ಹೊರಗಿನ ಕಳ್ಳನಿಗೆ ಆ ಉಸಾಬರಿ ಯಾಕೆ? ಕದಿಯುವ ಮೊದಲೂ ಮೈ ತೊಳೆದುಕೊಂಡವನು ಮನೆಯವನೇ.

"ಇನ್ನೊಂದು ಕೀ ಯಾರ ಹತ್ರ?"

"ನನ್ ತಮ್ಮ ಶಿವಪ್ರಕಾಶ್ ಹತ್ರ. ಅವ್ನು ಅಂಥೋನಲ್ಲ ಕಣ್ರೀ. ಅತ್ತಿಗೆ ಅಂದ್ರೆ ಅವ್ನಿಗೆ ತಾಯಿ."

ಶಿವಪ್ರಕಾಶನ ಫೋನ್ ಸ್ವಿಚ್ ಆಫ್. ಜಾವಗಲ್, ಬೇಲೂರು ಜಾಲಾಡಿದರೂ ಸುಳಿವಿಲ್ಲ. ಮಂಗಳವಾರ ವಿಮಾನ ಹೋಯಿತು. ಬುಧವಾರ ಬೆಳಿಗ್ಗೆ ಷಡಕ್ಷರಪ್ಪ ಫೋನಿನಲ್ಲಿ ಅತ್ತುಬಿಟ್ಟರು. ಹೆಂಡತಿಯ ಎಡಗಣ್ಣಿಗೆ ಪೂರ್ತಿ ಕತ್ತಲು ಕವಿದಿತ್ತು.

ಅದೇ ಹೊತ್ತಿಗೆ ಶಿವಪ್ರಕಾಶನ ಫೋನ್ ಒಂದು ನಿಮಿಷ ಆನ್ ಆಯಿತು. ಹಳೇಬೀಡು ಟವರ್. ೭.೩೦ಕ್ಕೆ ಬಸ್ತಿಹಳ್ಳಿಯಲ್ಲಿ, ತನ್ನ ತೀರಿಕೊಂಡ ಹೆಂಡತಿಯ ತವರುಮನೆಯಲ್ಲಿ ಅವನು ಸಿಕ್ಕಿದ. ಅವಳ ಟ್ರಂಕಿನೊಳಗೆ, ಸೀರೆಗಳ ಅಡಿಯಲ್ಲಿ ಪಾಸ್‌ಪೋರ್ಟೂ ಫಿಲ್ಮೂ ಇದ್ದವು.

"ಯಾಕ್ರೀ ಹಿಂಗ್ ಮಾಡಿದ್ರಿ?"

"ನನ್ ಹೆಂಡ್ತಿಗೂ ತಲೇಲಿ ಗೆಡ್ಡೆ ಇತ್ತು ಮೇಡಂ. ಆಪರೇಷನ್ ಆದ್ಮೇಲೆ ಹನ್ನೊಂದು ದಿನ ಬದುಕಿದ್ಲು. ದಿನಾ ನನ್ ಮುಖ ನೋಡಿ 'ನೀವ್ ಯಾರು' ಅಂತಿದ್ಲು. ಅತ್ತಿಗೇನೂ ಹಂಗೇ ಕೇಳ್‌ಬಿಟ್ರೆ ಅಂತ ಜೀವ ನಡುಗೋಯ್ತು."

"ಎಲ್ಲಾ ಗೆಡ್ಡೆನೂ ಒಂದೇ ಥರ ಅಲ್ಲ. ಡಾಕ್ಟರನ್ನ ಕೇಳ್ಬೋದಿತ್ತಲ್ಲ?"

ಶಿವಪ್ರಕಾಶ್ ಟ್ರಂಕಿನ ಸೀರೆಗಳನ್ನು ಮತ್ತೆ ಮಡಿಸಿಡತೊಡಗಿದ. ಎಡಗಣ್ಣಿನ ವಿಷಯ ಹೇಳಲು ಪ್ರತಿಮಾಗೆ ಮನಸ್ಸಾಗಲಿಲ್ಲ. ದಸ್ತಗಿರಿ ಮಾಡಿ ಕರೆತಂದಳು.

ಹನ್ನೊಂದಕ್ಕೆ ದ್ರಾಕ್ಷಾಯಣಿ ಗಂಡನ ಕೈ ಹಿಡಿದು ಠಾಣೆಗೆ ಬಂದರು. ಜರ್ಮನಿಯವರು ಮೂರು ವಾರದಾಚೆಯ ದಿನ ಕೊಟ್ಟಿದ್ದರು. ದ್ರಾಕ್ಷಾಯಣಿಯ ಎಡಕ್ಕೆ, ಬಾಗಿಲ ಬಳಿ ಉಮೇಶನ ಪಕ್ಕದಲ್ಲಿ ಶಿವಪ್ರಕಾಶ್ ನಿಂತಿದ್ದ. ಮುಖವೆತ್ತಿ ಅತ್ತಿಗೆಯನ್ನೇ ನೋಡಿದ.

ಅವರು ಅವನ ಪಕ್ಕದಲ್ಲೇ ಹಾದು, ಪ್ರತಿಮಾಳ ಮೇಜಿನ ಮುಂದೆ ಬಂದು ಕೇಳಿದರು:

"ಶಿವು ಎಲ್ಲವ್ನೆ ಮೇಡಂ? ಒಂದ್ಸಲ ನೋಡ್ಬೇಕಿತ್ತು."