ಹೇಳಿದ್ದು, ಆದದ್ದು

ಅವರನ್ನು ಮೊದಲ ಸಲ ನೋಡಿದ ದಿನವೇ ಸುಳ್ಳುಗಾರ ಅಂದುಕೊಂಡೆ. ಎರಡು ತಿಂಗಳ ಮೇಲೆ ಅದು ನಿಜವೂ ಆಯಿತು. ಕಾರಣ ಮಾತ್ರ ಬೇರೆ.

ಸರ್ಫಿಂಗ್ ಶಾಲೆಯ ಆಫೀಸಿಗೆ ನಾನು ಕೆಲಸಕ್ಕೆ ಸೇರಿದ ದಿನ ಅದು. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಅವರು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು: 'ನಾಳೆ ಬೆಳಿಗ್ಗೆ ಏಳರಿಂದ ಒಂಬತ್ತೂವರೆ. ಸೊಂಟದೆತ್ತರದ ಅಲೆ. ಆಮೇಲೆ ಗಾಳಿ ಕೆಡಿಸುತ್ತದೆ.'

"ಒಂಬತ್ತೂವರೇನೇ ಯಾಕೆ? ಒಂಬತ್ತು ಮುಕ್ಕಾಲು ಆಗ್ಬಾರ್ದಾ?" ಎಂದು ಕೇಳಿದೆ.

"ಆಗ್ಬಹುದು. ನಾಳೆ ನೀವೇ ನೋಡಿ. ಬೈಯೋದಿದ್ರೆ ನಾನು ಇಲ್ಲೇ ಇರ್ತೀನಿ."

ಮರುದಿನ ಒಂಬತ್ತು ಮೂವತ್ತೆರಡಕ್ಕೆ ಗಾಳಿ ತಿರುಗಿತು. ಎರಡು ನಿಮಿಷದ ತಪ್ಪನ್ನು ಎತ್ತಿ ಆಡೋಣ ಅಂದುಕೊಂಡವಳು ನಾಚಿಕೆಯಾಗಿ ಬಿಟ್ಟೆ.

ಅದಕ್ಕೂ ಮೊದಲು ಹನ್ನೊಂದು ವರ್ಷ ನಾನು ಒಂದು ಲಿಫ್ಟ್ ಕಂಪನಿಯಲ್ಲಿ ಫೋನ್ ಎತ್ತುತ್ತಿದ್ದೆ. ಮಹಡಿಗಳ ನಡುವೆ ಸಿಕ್ಕಿಕೊಂಡವರು ಕೂಗಾಡುತ್ತಿದ್ದರು, ನಾನು ಸಮಾಧಾನದ ದನಿಯಲ್ಲಿ ಒಳಗೆ ಎಷ್ಟು ಜನ ಇದ್ದೀರಿ ಎಂದು ಕೇಳುತ್ತಿದ್ದೆ. ಆ ದನಿ ಕೇಳಿಯೇ ಇಲ್ಲಿ ಕೆಲಸ ಕೊಟ್ಟರು. "ಈಜು ಬರದವಳು ಕಡಲ ಕೆಲಸಕ್ಕೆ ಹೋಗ್ತಾಳಂತೆ" ಎಂದು ಅಮ್ಮ ಒಂದು ವಾರ ಗೊಣಗಿದಳು. ಇಲ್ಲಿ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: ನಾಳೆ ಅಲೆ ಇದೆಯಾ?

ಶಾಲೆ ಅವರ ಅಕ್ಕನದು. ನನಗೆ ಮೇಡಂ. ಮಕ್ಕಳು ಈ ತಮ್ಮನನ್ನು ಗಾಳಿಮಾಮ ಅನ್ನುತ್ತಿದ್ದರು, ನನ್ನನ್ನು ಫೋನಕ್ಕ. ಗಾಳಿಮಾಮನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತ್ತು: ಹಡಗುಗಳಿಗೆ ದಾರಿಯ ಹವಾಮಾನ ಹೇಳುವ ಕಂಪನಿ, ಇಲ್ಲಿಂದ ಒಂದು ರಾತ್ರಿಯ ಬಸ್ಸಿನ ದೂರ. ಹಲಗೆ ಬರೆಯಲು ಬೇರೆ ಜನ ಬೇಕಿತ್ತು. ಮೇಡಂ ನನ್ನ ಕಡೆ ಬೆರಳು ತೋರಿಸಿದರು.

"ಹತ್ತು ದಿನ ಒಂದೇ ಸಮ ಸರಿ ಬರೀಬೇಕು. ನಡುವೆ ಒಂದು ತಪ್ಪಿದ್ರೂ ಮತ್ತೆ ಒಂದರಿಂದ. ಹಲಗೆ ನೋಡ್ಕೊಂಡು ನಾನು ಮಕ್ಕಳನ್ನ ನೀರಿಗೆ ಇಳಿಸ್ತೀನಿ, ಹುಡುಗಾಟ ಅಲ್ಲ. ಹತ್ತಾದ್ರೆ ಇವನು ಹೊರಡಬಹುದು" ಅಂದರು.

ಹೀಗೆ, ಅವರು ಬೇಗ ಹೋಗಲಿ ಎಂದು ನಾನು ಅವರಿಂದಲೇ ಪಾಠ ಹೇಳಿಸಿಕೊಳ್ಳತೊಡಗಿದೆ.

ಅವರದೊಂದು ಉದ್ದನೆಯ ನೋಟ್‌ಬುಕ್. ಪುಟದ ನಡುವೆ ಗೆರೆ. ಎಡಕ್ಕೆ 'ಹೇಳಿದ್ದು', ಬಲಕ್ಕೆ 'ಆದದ್ದು'. ಸಂಜೆ ಎಡಗಡೆ ನಾನು ಬರೆಯಬೇಕು, ಅದನ್ನೇ ಹಲಗೆಗೆ ಏರಿಸಬೇಕು. ಬೆಳಿಗ್ಗೆ ಆರಕ್ಕೆ ಅವರು ದಡದ ಮೆಟ್ಟಿಲ ಮೇಲೆ ಇಪ್ಪತ್ತು ನಿಮಿಷ ನಿಂತು ನೋಡಿ ಬಲಗಡೆ ತುಂಬುತ್ತಿದ್ದರು. ನಾನು ಬರುವುದು ಒಂಬತ್ತಕ್ಕೆ. ಅಷ್ಟರಲ್ಲಿ ಕಡಲ ಮುಖವೇ ಬೇರೆಯಾಗಿರುತ್ತಿತ್ತು, ನನಗಿದ್ದದ್ದು ಅವರ ಅಕ್ಷರ ಮಾತ್ರ.

ಮೊದಲ ಸಲ ಎತ್ತರ ನೋಡಿ ಮೋಸಹೋದೆ. ದೂರದ ಕಡಲಲ್ಲಿ ಲಂಗರು ಹಾಕಿಬಿಟ್ಟ, ಅಲೆ ಅಳೆಯುವ ತೇಲುಯಂತ್ರ ಐದಡಿ ಎಂದಿತ್ತು. 'ಭರ್ಜರಿ ಅಲೆ' ಎಂದು ಬರೆದೆ. ಬೆಳಿಗ್ಗೆ ಕಡಲು ಕೆದರಿದ ತಲೆಯ ಹಾಗಿತ್ತು, ಒಂದು ಅಲೆಯ ಮೇಲೂ ಯಾರಿಗೂ ನಿಲ್ಲಲಾಗಲಿಲ್ಲ.

"ಎತ್ತರ ಆಮೇಲೆ. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಸೆಕೆಂಡ್, ಅದನ್ನ ಮೊದಲು ನೋಡಿ" ಅಂದರು ಅವರು. "ಆರು ಸೆಕೆಂಡ್ ಅಂದ್ರೆ ಇಲ್ಲೇ ಹತ್ತಿರದ ಗಾಳಿಯ ಗಲಾಟೆ. ಹದಿನಾಲ್ಕು ಅಂದ್ರೆ ಎಲ್ಲೋ ದೂರದ ಬಿರುಗಾಳಿ, ಮೂರ್ನಾಲ್ಕು ದಿನ ಹಿಂದೇನೇ ಮುಗಿದುಹೋಗಿರುತ್ತೆ. ಅಲೆ ಮಾತ್ರ ಬರ್ತಾನೇ ಇರುತ್ತೆ. ನೋಡೋಕೆ ಎರಡಡಿ, ದಡಕ್ಕೆ ಬಂದ್ಮೇಲೆ ಎದ್ದು ನಿಲ್ಲುತ್ತೆ."

"ಸದ್ದಿಲ್ಲದೆ ಬರೋರನ್ನ ನಂಬಬಾರದು ಅನ್ನಿ."

"ನಂಬಬಾರದು ಅಂತಲ್ಲ. ಕಡಿಮೆ ಅಂದ್ಕೋಬಾರದು."

ಹೀಗೆಂದು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ನನ್ನ ಕಡೆ ನೋಡಿದರು. ಕನ್ನಡಕವಿಲ್ಲದಾಗ ಅವರಿಗೆ ನಾನು ಮಂಜುಮಂಜಾಗಿ ಕಾಣುತ್ತೇನೆ ಎಂಬ ಧೈರ್ಯದಲ್ಲಿ ನಾನೂ ಚೆನ್ನಾಗಿ ನೋಡಿಬಿಡುತ್ತಿದ್ದೆ: ಹುಬ್ಬಿನಲ್ಲಿ ಅಂಟಿದ ಉಪ್ಪು, ಕಿವಿಯ ಮೇಲಿನ ಎರಡು ಬಿಳಿ ಕೂದಲು, ನಗುವ ಮೊದಲು ಒಂದೇ ಕಡೆ ಎಳೆದುಕೊಳ್ಳುವ ತುಟಿ. ಅದು ಓದಲು ಮಾತ್ರ ಹಾಕುವ ಕನ್ನಡಕ, ಅವರಿಗೆ ದೂರದ್ದೆಲ್ಲ ಸ್ಪಷ್ಟವಾಗಿ ಕಾಣುತ್ತದೆ ಎಂದು ತಿಳಿಯಲು ಒಂದು ತಿಂಗಳು ಹಿಡಿಯಿತು. ತಿಳಿದ ದಿನ ನಾನು ಫೋನ್ ಇಲ್ಲದಿದ್ದರೂ ರಿಸೀವರ್ ಎತ್ತಿಕೊಂಡು ಕೂತೆ.

ಎಷ್ಟು ಸಲ ಕೇಳಿದರೂ ವಾರದಾಚೆಗೆ ಅವರು ಬಾಯಿ ಬಿಡುತ್ತಿರಲಿಲ್ಲ. "ಏಳು ದಿನದಾಚೆ ಹೇಳೋದು ಕಣಿ. ಅದಕ್ಕೆ ಬೇರೆ ಜನ ಇದ್ದಾರೆ" ಅನ್ನುತ್ತಿದ್ದರು.

ಆರು ವಾರ ಎಡವಿದ ಮೇಲೆ ಒಂದು ಬುಧವಾರದಿಂದ ನನ್ನ ಲೆಕ್ಕ ಕೂಡಿಬರತೊಡಗಿತು. ಸೋಮವಾರಕ್ಕೆ ಆರು ದಿನ ಸರಿಯಾಯಿತು. ಏಳನೆಯದು ಮಂಗಳವಾರ. ಎರಡೂವರೆ ಅಡಿ, ಹದಿನಾಲ್ಕು ಸೆಕೆಂಡ್, ಬೆಳಿಗ್ಗೆ ನೆಲದಿಂದ ಕಡಲಿಗೆ ಬೀಸುವ ಗಾಳಿ. 'ಸೊಂಟದೆತ್ತರ, ಮಕ್ಕಳಿಗೆ ಬೇಡ' ಎಂದು ಬರೆದೆ. ಬೆಳಿಗ್ಗೆ ಬಲಗಡೆ ಅವರ ಅಕ್ಷರ: 'ಮೊಣಕಾಲು.'

ಮತ್ತೆ ಒಂದರಿಂದ. ಬೇಜಾರಾಗಬೇಕಿತ್ತು, ಆಗಲಿಲ್ಲ. ಅದನ್ನು ಯೋಚಿಸಲು ಹೋಗದೆ ತಪ್ಪೆಲ್ಲಿ ಎಂದು ಮಧ್ಯಾಹ್ನವೆಲ್ಲ ತಲೆ ಕೆಡಿಸಿಕೊಂಡೆ. ಕೊನೆಗೆ ಹೊಸ ನಿಯಮವೊಂದನ್ನು ಬರೆದುಕೊಂಡೆ: ಇಂಥ ಅಲೆಯನ್ನು ನಮ್ಮ ದಡದ ಮುಂದೆ ನೀರೊಳಗಿರುವ ಮರಳ ದಿಬ್ಬ ಅರ್ಧಕ್ಕರ್ಧ ತಡೆಯುತ್ತದೆ. ಅವರಿಗೆ ತೋರಿಸಲಿಲ್ಲ, ಪರೀಕ್ಷೆಯ ದಿನಗಳಲ್ಲಿ ಏನನ್ನೂ ತೋರಿಸುವಂತಿರಲಿಲ್ಲ.

ಬುಧ, ಗುರು, ಶುಕ್ರ ಸರಿಹೋಯಿತು. ಶುಕ್ರವಾರ ಸಂಜೆ ಅವರು ಹೊಸ ಕೆಲಸದ ಮೆಡಿಕಲ್ ಟೆಸ್ಟ್‌ಗೆ ಹೋಗಿದ್ದರು. ನೋಡಿದರೆ ಅದೇ ಎರಡೂವರೆ ಅಡಿ, ಅದೇ ಹದಿನಾಲ್ಕು ಸೆಕೆಂಡ್. ಹೊಸ ನಿಯಮ ಹಾಕಿ ಬರೆದೆ: 'ಮೊಣಕಾಲು. ಮಕ್ಕಳ ಕ್ಲಾಸ್ ಇದೆ.'

ಶನಿವಾರ ನಾನು ಬರುವಾಗ ಒಂಬತ್ತು ಮಕ್ಕಳು ಗೋಡೆಗೊರಗಿ ಟವೆಲ್ ಸುತ್ತಿಕೊಂಡು ಕೂತಿದ್ದರು. ಒಬ್ಬಳ ತುಟಿ ಒಡೆದಿತ್ತು.

"ಎರಡನೇ ಅಲೆಗೇ ಸೀಟಿ ಊದಿ ಎಲ್ಲರನ್ನೂ ಎಳ್ಕೊಂಡೆ" ಅಂದರು ಮೇಡಂ. ಅವರು ಕೂಗಾಡುವವರಲ್ಲ, ಅದೇ ಕಷ್ಟ. "ಮಂಗಳವಾರ ಬಂದಿದ್ದೂ ಇದೇ ಅಲೆ, ನನ್ನ ಸೊಂಟಕ್ಕೆ. ಅವತ್ತು ನೀನು ಸರಿಯಾಗಿ ಬರೆದಿದ್ದೆ, ಮಕ್ಕಳನ್ನ ಮರಳಲ್ಲೇ ಆಡಿಸಿದ್ದೆ. ಇವತ್ತೇನಾಯ್ತು ನಿಂಗೆ?"

ನೋಟ್‌ಬುಕ್ ತೆಗೆದು ನೋಡಿದೆ. ಮಂಗಳವಾರ, ಬಲಗಡೆ, 'ಮೊಣಕಾಲು.' ಅಚ್ಚುಕಟ್ಟಾದ ಅಕ್ಷರ.

ಮಧ್ಯಾಹ್ನ ಅವರು ಬಂದಾಗ ಆ ಪುಟ ತೆರೆದಿಟ್ಟಿದ್ದೆ. ಹುಡುಗಿಯ ತುಟಿಯ ವಿಷಯ ದಾರಿಯಲ್ಲೇ ಕೇಳಿಕೊಂಡು ಬಂದಿದ್ದರು.

"ಇದು ಸುಳ್ಳು" ಅಂದೆ, ಲಿಫ್ಟ್ ಕಂಪನಿಯ ದನಿಯಲ್ಲಿ.

"ಹೌದು."

"ಯಾಕೆ?"

"ಏಳಾಗಿತ್ತು. ಇನ್ನು ಮೂರು ದಿನ ಕಳೆದ್ರೆ ನಾನು ಹೋಗ್ಬೇಕಿತ್ತು."

"ನೀವು ಸುಳ್ಳು ಬರೆದ್ರಿ. ನಾನು ಅದರ ಮೇಲೆ ಲೆಕ್ಕ ಹಾಕಿದೆ. ಆ ಮಗು ನೀರಿಗಿಳೀತು. ಈ ಪುಸ್ತಕದಲ್ಲಿ ನಿಜ ಇರೋದು ಬಲಗಡೆ ಮಾತ್ರ ಅಂದ್ಕೊಂಡಿದ್ದೆ."

"ಅಕ್ಕನಿಗೆ ನಾನೇ ಹೇಳ್ತೀನಿ. ಆ ಹುಡುಗಿ ಮನೆಗೂ ಹೋಗಿ ಹೇಳ್ತೀನಿ." ಆಮೇಲೆ ಅಂದರು, "ನಿಮ್ಮ ಜೊತೆ ಇನ್ನೊಂದಿಷ್ಟು ದಿನ ಇರ್ಬೇಕು ಅನ್ನಿಸ್ತು. ಹೇಳೋಕೆ ಬರಲಿಲ್ಲ. ನಾಳೆದೆಲ್ಲ ಹೇಳ್ತೀನಿ, ಇದೊಂದು ಬರಲಿಲ್ಲ."

ನನಗೆ ಸಿಟ್ಟಿತ್ತು. ಅದರ ಅಡಿಯಲ್ಲಿ ಖುಷಿಯೂ ಇತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಮೊದಲು ತಿದ್ದಿ" ಅಂದೆ.

ಅವರು 'ಮೊಣಕಾಲು' ಹೊಡೆದುಹಾಕಿ 'ಸೊಂಟದೆತ್ತರ' ಎಂದು ಬರೆದು ಸಹಿ ಹಾಕಿದರು. ನಾನು ಬೆರಳಿಟ್ಟು ಎಣಿಸಿದೆ. ಸೋಮವಾರದವರೆಗೆ ಆರು, ಮಂಗಳವಾರ ಏಳು, ಬುಧ ಎಂಟು, ಗುರು ಒಂಬತ್ತು, ಶುಕ್ರ ಹತ್ತು.

"ಹತ್ತು ನಿನ್ನೇನೇ ಆಗಿದೆ" ಅಂದೆ. "ನೀವಿನ್ನು ಹೊರಡಬಹುದು."

ಅವರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ಹೋದ್ಮೇಲೆ ನನ್ನ ಮೇಲಿನ ಸಿಟ್ಟು ಇಳಿಯುತ್ತಾ?"

"ಅದು ಏಳು ದಿನದಾಚೆ ಮಾತು."

ತುಟಿ ಒಂದು ಕಡೆ ಎಳೆದುಕೊಂಡಿತು, ನಗು ಬರಲಿಲ್ಲ. ಕನ್ನಡಕ ಹಾಕಿಕೊಂಡು ಎಡಗಡೆಯ ಖಾಲಿ ಸಾಲಿನಲ್ಲಿ ಏನೋ ಬರೆದು, ಪುಸ್ತಕ ನನ್ನ ಕಡೆ ತಿರುಗಿಸಿ, ಅಕ್ಕನನ್ನು ಹುಡುಕಿಕೊಂಡು ಹೋದರು.

'ಮುಂದಿನ ಶನಿವಾರ, ಬೆಳಿಗ್ಗೆ ಆರು. ಬರುತ್ತೇನೆ. ಕ್ಷಮೆ ಕೇಳುತ್ತೇನೆ. ಇನ್ನೊಂದು ಮಾತೂ ಕೇಳುತ್ತೇನೆ.'

ಅವರು ಭಾನುವಾರ ಹೊರಟರು. ಸೋಮವಾರದಿಂದ ಆರು ಗಂಟೆಗೆ ಮೆಟ್ಟಿಲ ಮೇಲೆ ನಿಲ್ಲುವ ಕೆಲಸ ನನ್ನದಾಯಿತು. ಅಷ್ಟು ಬೆಳಗಿನ ಕಡಲನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಬುಧವಾರ ಗಾಳಿ ಬೇಗ ತಿರುಗಿತು, ತಪ್ಪು ಎಂದು ಬರೆದುಕೊಂಡೆ. ಉಳಿದ ದಿನ ಸರಿ. ಅವರು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಶುಕ್ರವಾರ ಅಮ್ಮ ನನ್ನ ಮುಖ ನೋಡಿ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿದಳು.

ಶನಿವಾರ ಆರಕ್ಕೆ ದಡದಲ್ಲಿ ಯಾರೂ ಇರಲಿಲ್ಲ. ಆರು ಹತ್ತಕ್ಕೂ ಇರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಯಾಕೆ ಕೂಗುತ್ತಾರೆ ಎಂದು ನನಗೆ ಅವತ್ತು ಗೊತ್ತಾಯಿತು.

ಬಲಗಡೆ ನಾನು ಬರೆದದ್ದು ಇಷ್ಟು:

'ಆರು ಇಪ್ಪತ್ತಕ್ಕೆ ಬಂದರು, ಬಸ್ ಸ್ಟ್ಯಾಂಡಿನಿಂದ ಓಡಿಕೊಂಡು. ಇಪ್ಪತ್ತು ನಿಮಿಷ ತಡ. ಕ್ಷಮೆ ಕೇಳಿದರು. ಇನ್ನೊಂದು ಮಾತೂ ಕೇಳಿದರು. ಹೂಂ ಅಂದೆ. ಅಲೆ ಎಷ್ಟೆತ್ತರ ಇತ್ತೋ, ಇಬ್ಬರೂ ನೋಡಲಿಲ್ಲ.'